ಬಿಸಿಲೂರಿನ ಚರ್ಚಿಗೆ ಬೆಳಕು ಹಾಕುವ ಮೊದಲು

ಕೆಲವು ವರ್ಷಗಳ ಹಿಂದೆ ಬೀದರ್ ಕಡೆಯ ಒಂದು ಹಳ್ಳಿ ಚರ್ಚಿಗೆ ನನ್ನನ್ನು ಕರೆದಿದ್ದರು. ಹೊಸ ಕಟ್ಟಡ, ಹೊಸ ಪೇಂಟ್, ಪ್ರಸಂಗ ಪೀಠದ ಹಿಂದೆ ಪೂರ್ವಕ್ಕೆ ತೆರೆದ ದೊಡ್ಡ ಗಾಜಿನ ಕಿಟಕಿ. ಭಾನುವಾರದ ಆರಾಧನೆ ನಡೀತಾ ಇತ್ತು. ಹಿಂದೆ ಜಮಖಾನದ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನ ಕಡೆ ಬಾಗಿ, "ಯಪ್ಪಾ, ಪಾಸ್ಟರ್ ಮಾರಿನೇ ಕಾಣವಲ್ದು, ಬರೇ ಕರ್ರಗ ಕಾಣ್ತದ ನೋಡು" ಅಂದರು. ಕಮಿಟಿಯವರು ನನ್ನನ್ನು ಕರೆಸಿದ್ದು ಇನ್ನೂ ಹತ್ತು ಲೈಟು ಎಲ್ಲಿ ಹಾಕೋಣ ಅಂತ ಕೇಳೋದಕ್ಕೆ. ಅಜ್ಜಿ ಹೇಳಿದ ಒಂದು ಮಾತಿನಲ್ಲಿ ಅವರ ಪ್ರಶ್ನೆಗೂ ಉತ್ತರ ಇತ್ತು.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಬೆಳಕಿಗೆ ಬರ ಇಲ್ಲ. ಮಧ್ಯಾಹ್ನ ಹೊರಗೆ ಬಯಲಲ್ಲಿ ಸುಮಾರು ಒಂದು ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನೋ ಅಳತೆ) ಬೆಳಕಿರುತ್ತದೆ. ಒಳಗೆ ಕೂತು ಕೀರ್ತನೆ ಪುಸ್ತಕ ಓದೋದಕ್ಕೆ ಬೇಕಾಗಿರುವುದು ಇನ್ನೂರೋ ಮುನ್ನೂರೋ ಲಕ್ಸ್. ಇಷ್ಟು ಬೆಳಕಿದ್ದೂ ಎಷ್ಟೋ ಚರ್ಚುಗಳಲ್ಲಿ ಹಗಲು ಹನ್ನೊಂದಕ್ಕೆ ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿರುತ್ತಾರೆ. ಯಾಕೆಂದರೆ ಬೆಳಕು ಬೇಡದ ಕಡೆಯಿಂದ, ಬೇಡದಷ್ಟು, ಝಳದ ಜೊತೆ ಒಳಗೆ ಬರುತ್ತದೆ. ಆದ್ದರಿಂದ ನಾನು ಯಾರಿಗೇ ಆದರೂ ಮೊದಲು ಹೇಳುವುದು ಒಂದೇ: ಅಂಗಡಿಗೆ ಆಮೇಲೆ ಹೋಗಿ, ಮೊದಲು ಬಿಸಿಲನ್ನು ಸೋಸಿ.

ಒಂದು ಭಾನುವಾರ ಸುಮ್ನೆ ಕೂತು ನೋಡಿ

ಒಂದು ನೋಟ್‌ಬುಕ್, ಒಂದು ಸೀಮೆಸುಣ್ಣ, ನಿಮ್ಮ ಫೋನು ಸಾಕು. ಚರ್ಚಿನ ನಕ್ಷೆಯನ್ನು ಕೈಯಲ್ಲೇ ಬರೆದುಕೊಳ್ಳಿ. ಫೋನಿನ ದಿಕ್ಸೂಚಿ ನೋಡಿ ಉತ್ತರ ಗುರುತು ಹಾಕಿ. ಆರಾಧನೆಗೆ ಮುಂಚೆ ಬೆಳಗ್ಗೆ ಒಂಬತ್ತಕ್ಕೆ, ಮತ್ತೆ ಹನ್ನೆರಡಕ್ಕೆ, ಮತ್ತೆ ಸಂಜೆ ನಾಲ್ಕಕ್ಕೆ, ನೆಲದ ಮೇಲೆ ನೇರ ಬಿಸಿಲು ಬಿದ್ದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯಿರಿ. ನಮ್ಮ ಶಹಾಬಾದ್ ಫರ್ಸಿ ಕಲ್ಲಿನ ನೆಲದ ಮೇಲೆ ಗೆರೆ ಚೆನ್ನಾಗಿ ಕಾಣುತ್ತದೆ, ಒರೆಸಿದರೆ ಹೋಗುತ್ತದೆ.

ಆಮೇಲೆ ಮೂರು ಜಾಗದಲ್ಲಿ ಕೂತು ನೋಡಿ: ಮುಂದಿನ ಸಾಲು, ಮಧ್ಯ, ಕೊನೆಯ ಸಾಲಿನ ಮೂಲೆ. ನಿಮ್ಮಲ್ಲಿ ಜನ ಕೆಳಗೆ ಕೂರುವುದಾದರೆ ನೀವೂ ಕೆಳಗೇ ಕೂರಿ, ಏಕೆಂದರೆ ಬೆಂಚಿನ ಮೇಲೆ ಕೂತವರ ಕಣ್ಣು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿದ್ದರೆ ಜಮಖಾನದ ಮೇಲೆ ಕೂತವರದ್ದು ಎರಡೂವರೆ ಅಡಿಯಲ್ಲಿರುತ್ತದೆ. ಬೆಂಚಿನವರಿಗೆ ಚುಚ್ಚದ ಲೈಟು ಕೆಳಗೆ ಕೂತವರ ಕಣ್ಣಿಗೆ ನೇರ ಹೊಡೆಯಬಹುದು. ಕೂತಲ್ಲಿಂದ ಮೂರು ವಿಷಯ ಗಮನಿಸಿ. ಮಾತಾಡುವವರ ಮುಖ ಕಾಣ್ತದಾ? ತೊಡೆಯ ಮೇಲಿನ ಸತ್ಯವೇದ ಓದಲು ಆಗ್ತದಾ? ಮೆಟ್ಟಿಲು, ಹೊಸ್ತಿಲು ಎಡವದಂತೆ ಕಾಣ್ತವಾ? ಕೊನೆಗೆ ಪೀಠದ ಹಿಂದೆ ಹೋಗಿ ನಿಂತು ಜನರ ಕಡೆ ನೋಡಿ. ಪಾಸ್ಟರ್ ಅಥವಾ ಫಾದರ್ ಕಣ್ಣು ಕಿರಿದು ಮಾಡಿಕೊಂಡು ಓದುತ್ತಾರೆ ಎಂದರೆ ಎದುರಿನ ದೊಡ್ಡ ಬಾಗಿಲಿಂದ ಬಯಲಿನ ಬೆಳಕು ಅವರ ಕಣ್ಣಿಗೆ ಬೀಳ್ತಾ ಇರುತ್ತದೆ.

ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ. ನೂರಕ್ಕೆ ನೂರು ಸರಿ ಇರಲ್ಲ. ಆದರೆ ಈ ಮೂಲೆಗಿಂತ ಆ ಮೂಲೆ ಎಷ್ಟು ಪಟ್ಟು ಕತ್ತಲು ಅಂತ ತಿಳಿಯೋಕೆ ಸಾಕು.

ವಯಸ್ಸಾದವರನ್ನು ಕೇಳೋದು ಮರೆಯಬೇಡಿ. ಅರವತ್ತರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಕಮಿಟಿಯ ಹುಡುಗರಿಗೆ ಸಾಕಾದದ್ದು ಅಜ್ಜಿಗೆ ಸಾಲುವುದಿಲ್ಲ.

ಸೂರ್ಯ ನಮ್ಮಲ್ಲಿ ಎಲ್ಲಿ ನಡೆಯುತ್ತಾನೆ

ಇದಕ್ಕೆ ಸ್ವಲ್ಪ ಹೊತ್ತು ಕೊಡೋಣ, ಏಕೆಂದರೆ ಬೇರೆ ದೇಶದ ಚರ್ಚುಗಳ ಫೋಟೊ ನೋಡಿ ಮಾಡುವ ತಪ್ಪೆಲ್ಲ ಇಲ್ಲೇ ಶುರುವಾಗೋದು. ಯುರೋಪಿನಲ್ಲಿ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿಕೊಂಡೇ ಇರುತ್ತಾನೆ. ಅಲ್ಲಿ ಉದ್ದುದ್ದ ಕಿಟಕಿ ಇಟ್ಟದ್ದು ಬೆಳಕು ಹಿಡಿಯೋಕೆ. ನಾವಿರುವುದು 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಎರಡನೇ ವಾರದ ಸುಮಾರಿಗೆ ಒಂದು ದಿನ, ಮತ್ತೆ ಜುಲೈ ಕೊನೆ ಇಲ್ಲವೇ ಆಗಸ್ಟ್ ಮೊದಲ ವಾರದಲ್ಲಿ ಒಂದು ದಿನ, ಮಧ್ಯಾಹ್ನ 12:20, 12:30ರ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ. "ಉತ್ತರದ ಕಿಟಕಿಗೆ ಬಿಸಿಲು ಬರಲ್ಲ" ಅನ್ನೋ ಮಾತು ನಮ್ಮಲ್ಲಿ ಪೂರ್ತಿ ನಿಜ ಅಲ್ಲ. ಆದರೂ ವರ್ಷದ ಹೆಚ್ಚು ಕಾಲ ಉತ್ತರವೇ ತಂಪಾದ, ಒಂದೇ ಸಮನಾದ ಬೆಳಕು ಕೊಡುವ ದಿಕ್ಕು.

ದಕ್ಷಿಣದ ಕಿಟಕಿ ಕಷ್ಟದ್ದಲ್ಲ. ಮಾರ್ಚ್ 21ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಕಲಬುರಗಿಯಲ್ಲಿ ಸುಮಾರು 73 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಒಂದೂವರೆ ಅಡಿ ಸಜ್ಜಾ ಗೋಡೆಯ ಮೇಲೆ ಸುಮಾರು 4.8 ಅಡಿ ನೆರಳು ಇಳಿಸುತ್ತದೆ, ಅಂದರೆ ನಾಲ್ಕಡಿ ಕಿಟಕಿ ಪೂರ್ತಿ ನೆರಳಲ್ಲಿ. ಡಿಸೆಂಬರ್‌ನಲ್ಲಿ ಸೂರ್ಯ 49 ಡಿಗ್ರಿಗೆ ಇಳಿದಾಗ ಅದೇ ಸಜ್ಜಾದ ನೆರಳು ಒಂದು ಮುಕ್ಕಾಲು ಅಡಿ ಮಾತ್ರ, ಉಳಿದ ಬಿಸಿಲು ಒಳಗೆ ಬರುತ್ತದೆ. ಚಳಿಗಾಲದಲ್ಲಿ ಬಂದರೆ ಬರಲಿ ಬಿಡಿ, ಬೀದರಿನವರು ಬೇಡ ಅನ್ನಲ್ಲ.

ತಲೆನೋವು ಪೂರ್ವ ಮತ್ತು ಪಶ್ಚಿಮದ್ದು. ಡಿಸೆಂಬರ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸೂರ್ಯ ಕೇವಲ 26 ಡಿಗ್ರಿ ಮೇಲಿರುತ್ತಾನೆ, ಮೇ ನಡುವಿನಲ್ಲಿ ಸುಮಾರು 43. ಸಜ್ಜಾದ ಕೆಳಗಿಂದ ನುಸುಳಿ ನೇರ ಕಣ್ಣಿಗೇ ಬರುತ್ತಾನೆ. ಭಾನುವಾರದ ಆರಾಧನೆ ನಡೆಯುವುದೂ ಅದೇ ಹೊತ್ತಿಗೆ. ಇಲ್ಲಿ ಅಡ್ಡ ಸಜ್ಜಾ ಕೆಲಸಕ್ಕೆ ಬರಲ್ಲ. ಕಿಟಕಿಯ ಪಕ್ಕದಲ್ಲಿ ನಿಂತ ಗೋಡೆಯಂತಹ ಪಟ್ಟಿ ಬೇಕು, ಇಲ್ಲವೇ ಸಣ್ಣ ತೂತುಗಳ ಜಾಲಿ (ಜಾಲಂಧ್ರ) ಬೇಕು. ಪಶ್ಚಿಮದ ಗೋಡೆಯಲ್ಲಿ ದೊಡ್ಡ ಗಾಜು ಇಡುವುದು, ಏಪ್ರಿಲ್‌ನಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ, ಒಲೆಗೆ ಬಾಗಿಲು ಇಟ್ಟ ಹಾಗೆ.

ಪುಸ್ತಕ ಓದಿ ಇದು ತಲೆಗೆ ಹೋಗದಿದ್ದರೆ ಕಲಬುರಗಿ ಕೋಟೆಯ ಜಾಮಾ ಮಸೀದಿಯೊಳಗೆ ಒಂದು ಬೆಳಗ್ಗೆ ಹತ್ತು ನಿಮಿಷ ನಿಂತು ಬನ್ನಿ. 1367ರ ಕಟ್ಟಡ. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಇದಕ್ಕಿಲ್ಲ, ಪೂರ್ತಿ ಗುಮ್ಮಟಗಳ ಕೆಳಗೆ ಮುಚ್ಚಿದೆ. ಆದರೂ ಕತ್ತಲು ಅನ್ನಿಸಲ್ಲ. ಪಕ್ಕದ ಅಗಲ ಕಮಾನುಗಳಿಂದ ಬೆಳಕು ತಗ್ಗಿನಲ್ಲಿ ಒಳಗೆ ಬಂದು, ನೆಲಕ್ಕೆ ತಾಗಿ, ಬಿಳಿಯ ಕಮಾನಿನ ಹೊಟ್ಟೆಗೆ ತಾಗಿ, ಮೆತ್ತಗಾಗಿ ಒಳಗೆ ಹರಡುತ್ತದೆ. ಮುಖ್ಯ ಗುಮ್ಮಟವನ್ನು ಎತ್ತರಿಸಿ ಅದರ ಬುಡದಲ್ಲಿ ಬೆಳಕಿಗೆ ದಾರಿ ಇಟ್ಟಿದ್ದಾರೆ, ಅದರಿಂದ ಪ್ರಾರ್ಥನೆಯ ಗೋಡೆಯ ಮುಂದಿನ ಜಾಗ ಬೇರೆಯೇ ಆಗಿ ಕಾಣುತ್ತದೆ. ನಿಮ್ಮ ಚರ್ಚಿಗೂ ಬೇಕಾದದ್ದು ಇಷ್ಟೇ: ಬೆಳಕು ಮೊದಲು ಎಲ್ಲಾದರೂ ತಾಗಲಿ, ಆಮೇಲೆ ಕಣ್ಣಿಗೆ ಬರಲಿ.

ಕಿಟಕಿ ಇಡುವಾಗ, ಇದ್ದ ಕಿಟಕಿ ತಿದ್ದುವಾಗ

ಹೊಸ ಕಟ್ಟಡ ಆದರೆ ಗೋಡೆಯ ಮೇಲ್ಭಾಗದಲ್ಲಿ, ಚಾವಣಿಯ ಸ್ವಲ್ಪ ಕೆಳಗೆ, ಸಾಲಾಗಿ ಸಣ್ಣ ವೆಂಟಿಲೇಟರ್ ಇಡಿ. ಕಿಟಕಿಯ ತಲೆ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಬೆಳಕು ಚೆನ್ನಾಗಿ ತಲುಪುತ್ತದೆ. ಏಳಡಿಯ ಕಿಟಕಿ ಹದಿನೈದು ಅಡಿ ಒಳಗೆ ಬೆಳಗಿದರೆ, ಹನ್ನೆರಡು ಅಡಿಯಲ್ಲಿರುವ ವೆಂಟಿಲೇಟರ್ ಮೂವತ್ತಡಿ ಹಾಲನ್ನು ದಾಟಿಸುತ್ತದೆ. ಮೇಲಿನ ಬಿಸಿ ಗಾಳಿಯೂ ಅಲ್ಲಿಂದಲೇ ಹೋಗುತ್ತದೆ. ಪಾರಿವಾಳ ಬರದ ಹಾಗೆ ಮೆಶ್ ಹಾಕಿಸಿ, ಇಲ್ಲದಿದ್ದರೆ ಬಲಿಪೀಠದ ಬಟ್ಟೆ ವಾರಕ್ಕೆರಡು ಸಲ ಒಗೆಯಬೇಕಾಗುತ್ತದೆ. ಒಟ್ಟು ಕಿಟಕಿಯ ಜಾಗ ನೆಲದ ಹತ್ತನೇ ಒಂದು ಭಾಗ ಇದ್ದರೆ ನಮ್ಮ ಒಣ ಬಿಸಿ ಹವೆಗೆ ಸಾಕು.

ಬೀದರಿನ ಕೆಂಪು ಕಲ್ಲಿನ ದಪ್ಪ ಗೋಡೆಯ ಹಳೆಯ ಚರ್ಚು ಆದರೆ ಒಂದು ಅಗ್ಗದ ಉಪಾಯ ಇದೆ. ಕಿಟಕಿಯ ಒಳಬದಿಯ ಗೋಡೆ ದಪ್ಪಕ್ಕೆ, ಅಂದರೆ ಎರಡು ಪಕ್ಕಕ್ಕೂ ತಳಕ್ಕೂ, ಬಿಳಿ ಸುಣ್ಣ ಹೊಡೆಸಿ. ಹೊರಗಿನ ಹೊಳಪಿಗೂ ಒಳಗಿನ ಕತ್ತಲಿಗೂ ನಡುವೆ ಒಂದು ಮಧ್ಯದ ಬಣ್ಣ ಸಿಕ್ಕಿ ಕಣ್ಣಿಗೆ ಚುಚ್ಚೋದು ತಗ್ಗುತ್ತದೆ. ಒಂದು ದಿನದ ಕೆಲಸ.

ತಗಡಿನ ಚಾವಣಿಯ ಚರ್ಚಿನಲ್ಲಿ ನಡುನಡುವೆ ಬೆಳಕಿನ ಶೀಟ್ ಹಾಕುವ ಅಭ್ಯಾಸ ಇದೆ. ನನಗೆ ಅದು ಇಷ್ಟ ಇಲ್ಲ. ಎರಡು ಮೂರು ವರ್ಷಕ್ಕೆ ಹಳದಿಯಾಗುತ್ತದೆ, ಅದರ ಕೆಳಗೆ ಕೂತವರ ತಲೆ ಕಾಯುತ್ತದೆ. ಹಳೆಯ ಗೋಡೌನುಗಳಲ್ಲಿ ಮಾಡುತ್ತಿದ್ದ ಹಾಗೆ ಚಾವಣಿಯ ನೆತ್ತಿಯನ್ನು ಒಂದೂವರೆ ಅಡಿ ಎತ್ತರಿಸಿ ಪಕ್ಕದಿಂದ ಬೆಳಕು ತರುವುದೇ ಮೇಲು. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ನೆನಪಿದೆಯಲ್ಲ? ಒಂದು ಗೇಣು ತೂತು, ಅಡುಗೆಮನೆ ಪೂರ್ತಿ ಅದರಲ್ಲೇ ನಡೆಯುತ್ತಿತ್ತು. ಅವ್ವ ಒಲೆ ಹಾಕಿದ್ದು ಬೆಳಕಿಂಡಿಯ ನೇರ ಕೆಳಗೆ ಅಲ್ಲ, ಅದರ ಪಕ್ಕಕ್ಕೆ, ಬೆಳಕು ಗೋಡೆಗೆ ತಾಗಿ ಬರುವ ಕಡೆ. ಅಷ್ಟು ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪೀಠದ ಹಿಂದಿನ ಕಿಟಕಿ

ಈಗ ಅಜ್ಜಿಯ ಮಾತಿಗೆ ಬರೋಣ. ಕಣ್ಣಿನ ಪಾಪೆ ಎದುರಿನ ಅತಿ ಹೊಳಪಿನ ವಸ್ತುವಿಗೆ ತಕ್ಕ ಹಾಗೆ ಕಿರಿದಾಗುತ್ತದೆ. ಹಿಂದೆ ಆಕಾಶ ಹೊಳೆಯುತ್ತಿದ್ದರೆ ಮುಂದೆ ನಿಂತವರು ಬರೀ ಕಪ್ಪು ಆಕಾರ. ಇದಕ್ಕೆ ಎದುರಿಂದ ಹತ್ತು ಲೈಟು ಹಾಕಿದರೂ ಆಕಾಶದ ಜೊತೆ ಗೆಲ್ಲೋಕಾಗಲ್ಲ.

ಕಮಿಟಿಯವರು ಫೋನಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಗೋಡೆಯಲ್ಲೇ ಶಿಲುಬೆಯ ಆಕಾರ ಕೊರೆದು ಅದರಿಂದ ಬೆಳಕು ಬರುವ ಚರ್ಚು. "ನಮಗೂ ಹಿಂಗೇ ಬೇಕ್ರಿ." ಅದು ಜಪಾನಿನ ಇಬರಾಕಿಯಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ್ದು, 1989ರದ್ದು. ಅಲ್ಲಿ ಅದು ಮೈ ಜುಮ್ಮೆನಿಸುವುದು ಸುತ್ತಲಿನ ಕಾಂಕ್ರೀಟ್ ಗೋಡೆ ಬೋಳಾಗಿ, ಕತ್ತಲಾಗಿ ಇರುವುದರಿಂದ. ಬಿಳಿ ಟೈಲ್ಸು, ಆರು ಕಿಟಕಿ, ನಾಲ್ಕು ಬಣ್ಣದ ಪರದೆ ಇರುವ ನಮ್ಮ ಹಾಲಿನಲ್ಲಿ ಅದೇ ಸೀಳನ್ನು ಇಟ್ಟರೆ ಒಂಬತ್ತು ಗಂಟೆಗೆ ಮುಂದಿನ ಸಾಲಿನವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಬೇಕೇ ಬೇಕು ಎಂದರೆ ಶಿಲುಬೆಯ ಹಿಂದೆ ಒಂದೂವರೆ ಅಡಿ ಬಿಟ್ಟು ಇನ್ನೊಂದು ಗೋಡೆ ಎಬ್ಬಿಸಿ, ಬೆಳಕು ಆ ಗೋಡೆಗೆ ತಾಗಿ ಸೀಳಿನಿಂದ ಬರುವ ಹಾಗೆ ಮಾಡಿ. ಸುತ್ತಲಿನ ಗೋಡೆಗೆ ಗಾಢ ಬಣ್ಣ ಕೊಡಿ.

ಆ ಹಳ್ಳಿಯ ಚರ್ಚಿನಲ್ಲಿ ನಾವು ಮಾಡಿದ್ದು ಹೀಗೆ. ಪೀಠದ ಹಿಂದಿನ ಕಿಟಕಿಯನ್ನು ಇಟ್ಟಿಗೆಯಿಂದ ಮುಚ್ಚಿದೆವು. ಅದೇ ಗಾಜನ್ನು ಎರಡು ಪಾಲು ಮಾಡಿ ಪೀಠದ ಎಡಬಲದ ಪಕ್ಕದ ಗೋಡೆಗಳಲ್ಲಿ, ಜನರಿಗೆ ನೇರ ಕಾಣದ ಹಾಗೆ ಕಂಬದ ಮರೆಗೆ ಕೂರಿಸಿದೆವು. ಈಗ ಬೆಳಕು ಪಕ್ಕದಿಂದ ಬಂದು ಹಿಂದಿನ ಬಿಳಿ ಗೋಡೆಗೂ ಪಾಸ್ಟರ್ ಮುಖಕ್ಕೂ ಬೀಳುತ್ತದೆ. ಹೊಸ ಲೈಟು ಹಾಕಿದ್ದು ಎರಡೇ. ಕಿಟಕಿ ಕೊಟ್ಟ ದಾನಿಯ ಮನೆಯವರು ಎರಡು ತಿಂಗಳು ಮುನಿಸಿಕೊಂಡಿದ್ದರು, ಅದು ಬೇರೆ ಮಾತು.

ಬಣ್ಣದ ಗಾಜಿನ ಬಗ್ಗೆ ಒಂದೆರಡು ಮಾತು ಸಾಕು. ಬಣ್ಣದ ಗಾಜು ಬೆಳಕು ಕೊಡೋಕೆ ಇರೋದಲ್ಲ, ತಾನು ಕಾಣೋಕೆ. ಓದುವ ಬೆಳಕನ್ನು ಅದರಿಂದ ನಿರೀಕ್ಷಿಸಬೇಡಿ. ಸಾದಾ ಗಾಜಿಗೆ ಅಂಟಿಸುವ ಬಣ್ಣದ ಸ್ಟಿಕ್ಕರ್ ನಮ್ಮ ಬಿಸಿಲಿಗೆ ಬೇಗ ಮಾಸಿ ಬಿರುಕು ಬಿಡುತ್ತದೆ, ಪೂರ್ವ ಪಶ್ಚಿಮಕ್ಕಂತೂ ಬೇಡವೇ ಬೇಡ. ಚೆನ್ನಾಗಿರುವ ಒಂದು ಚಿಕ್ಕ ಗಾಜು, ಸುತ್ತ ಕತ್ತಲಿರುವ ಜಾಗದಲ್ಲಿ, ಹತ್ತು ಸ್ಟಿಕ್ಕರ್ ಕಿಟಕಿಗಿಂತ ಮೇಲು.

ಲೈಟಿಗಿಂತ ಮುಂಚೆ ಬಣ್ಣ

ಬಿಳಿ ಸುಣ್ಣದ ಗೋಡೆ ತನಗೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಭಾಗವನ್ನು ವಾಪಸ್ ಕೊಡುತ್ತದೆ. ಬೀದರಿನ ಕೆಂಪು ಕಲ್ಲು, ಶಹಾಬಾದ್ ಕಲ್ಲಿನ ನೆಲ ಕೊಡುವುದು ಸುಮಾರು ಕಾಲು ಭಾಗ. ಆದ್ದರಿಂದ ಕೆಂಪು ಕಲ್ಲಿನ ಗೋಡೆ ಚೆಂದ ಅಂತ ಹಾಗೇ ಬಿಟ್ಟಿದ್ದರೆ ಚಾವಣಿಯಾದರೂ ಬಿಳಿ ಇರಲಿ. ಹೊಳೆಯುವ ಎಣ್ಣೆ ಬಣ್ಣ ಬೇಡ, ಲೈಟಿನ ಬಿಂಬ ಅದರಲ್ಲಿ ಕಾಣುತ್ತದೆ. ಕನ್ನಡಿಯಂತೆ ಮಿಂಚುವ ಟೈಲ್ಸಿನ ನೆಲಕ್ಕೂ ಇದೇ ದೂರು. ನಮ್ಮ ಒರಟು ಫರ್ಸಿಯೇ ಕಣ್ಣಿಗೆ ಹಿತ, ಕಾಲಿಗೂ ತಂಪು.

ಎಷ್ಟು ಲೈಟು?

ಮೂವತ್ತಡಿ ಅಗಲ, ಅರವತ್ತಡಿ ಉದ್ದದ ಹಾಲು ತಗೊಳ್ಳಿ. 1800 ಚದರ ಅಡಿ, ಅಂದರೆ ಸುಮಾರು 167 ಚದರ ಮೀಟರ್. ಜನ ಕೂರುವ ಜಾಗಕ್ಕೆ ಸಾಧಾರಣ 150 ಲಕ್ಸ್ ಹಿಡಿಯೋಣ. ಓದುವ ಹೊತ್ತಿಗೆ ಇನ್ನಷ್ಟು ಏರಿಸುವ ಬಗ್ಗೆ ಆಮೇಲೆ ಹೇಳುತ್ತೇನೆ. 167ನ್ನು 150ರಿಂದ ಗುಣಿಸಿದರೆ ಸುಮಾರು 25,000 ಲೂಮೆನ್ (ಲೈಟು ಹೊರಗೆ ಬಿಡುವ ಒಟ್ಟು ಬೆಳಕಿನ ಅಳತೆ). ಆದರೆ ಲೈಟಿನಿಂದ ಹೊರಟದ್ದೆಲ್ಲ ಪುಸ್ತಕಕ್ಕೆ ತಲುಪಲ್ಲ. ಬಿಳಿ ಗೋಡೆ ಚಾವಣಿ ಇದ್ದರೆ ಅರ್ಧ ತಲುಪುತ್ತದೆ ಅಂತ ಇಟ್ಟುಕೊಳ್ಳಿ, ಅದರ ಮೇಲೆ ಧೂಳಿಗೆ ಐದನೇ ಒಂದು ಭಾಗ ಕಳೆಯಿರಿ. ಶಹಾಬಾದ್, ವಾಡಿ, ಸೇಡಂ ಕಡೆಯವರಿಗೆ ಧೂಳಿನ ಲೆಕ್ಕ ನಾನು ಹೇಳಬೇಕಾಗಿಲ್ಲ. ಉಳಿಯುವ ಪಾಲು 0.5 × 0.8, ಅಂದರೆ 0.4. 25,000ವನ್ನು 0.4ರಿಂದ ಭಾಗಿಸಿದರೆ 62,500 ಲೂಮೆನ್. ವ್ಯಾಟಿಗೆ 100 ಲೂಮೆನ್ ಕೊಡುವ ಎಲ್‌ಇಡಿ ಆದರೆ ಒಟ್ಟು 625 ವ್ಯಾಟ್.

ಅದೇ ಹಾಲಿನಲ್ಲಿ ಗೋಡೆ ಚಾವಣಿ ಎಲ್ಲ ಗಾಢ ಬಣ್ಣದ್ದಾದರೆ ತಲುಪುವ ಪಾಲು 0.5ರಿಂದ 0.35ಕ್ಕೆ ಇಳಿದು, ಧೂಳಿನ ಪಾಲನ್ನೂ ಕಳೆದರೆ ಬೇಕಾದ ಲೂಮೆನ್ 89,000 ದಾಟುತ್ತದೆ. ಎರಡು ಕೋಟು ಬಿಳಿ ಬಣ್ಣದ ಬೆಲೆ ಇದು. ಅಂಗಡಿಯಲ್ಲಿ "ಎಷ್ಟು ವ್ಯಾಟಿಂದು?" ಅಂತ ಕೇಳುವುದು ಬಿಟ್ಟು "ಎಷ್ಟು ಲೂಮೆನ್?" ಅಂತ ಕೇಳಿ. ಡಬ್ಬಿಯ ಮೇಲೆ ಲೂಮೆನ್ ಬರೆದೇ ಇಲ್ಲದ ಲೈಟನ್ನು ವಾಪಸ್ ಇಡಿ.

ಮುಖಕ್ಕೆ ಬೆಳಕು

ಇಡೀ ಹಾಲಿಗಿಂತ ಪೀಠದ ಹತ್ತಿರ ಬೆಳಕು ಎರಡು ಮೂರು ಪಟ್ಟು ಇರಲಿ. ಕಣ್ಣು ತಾನಾಗೇ ಅಲ್ಲಿಗೆ ಹೋಗುತ್ತದೆ. ಹತ್ತು ಪಟ್ಟು ಮಾಡಿದರೆ ನಾಟಕದ ಸ್ಟೇಜು ಆಗುತ್ತದೆ.

ನೇರ ತಲೆಯ ಮೇಲೆ ಲೈಟು ಇಟ್ಟರೆ ಹುಬ್ಬಿನ ನೆರಳು ಕಣ್ಣಿಗೆ, ಮೂಗಿನ ನೆರಳು ಬಾಯಿಗೆ ಬೀಳುತ್ತದೆ. ನೇರ ಎದುರಿಗೆ ತಗ್ಗಿನಲ್ಲಿ ಇಟ್ಟರೆ ಪಾಸ್ಟರಿಗೆ ಜನ ಕಾಣಲ್ಲ. 40ರಿಂದ 45 ಡಿಗ್ರಿ ಮೇಲಿಂದ, ಎಡಕ್ಕೊಂದು ಬಲಕ್ಕೊಂದು, ಇದು ಸರಿ. ಲೆಕ್ಕ ಹೀಗೆ: ಲೈಟು 16 ಅಡಿ ಎತ್ತರದಲ್ಲಿದೆ, ವೇದಿಕೆ ಮೇಲೆ ನಿಂತವರ ಮುಖ ಆರೂವರೆ ಏಳಡಿಯಲ್ಲಿದೆ. ನಡುವಿನ ಎತ್ತರ ಒಂಬತ್ತು ಒಂಬತ್ತೂವರೆ ಅಡಿ. ಹಾಗಿದ್ದರೆ ಲೈಟು ಮುಖದಿಂದ ನೆಲದಳತೆಯಲ್ಲಿ ಹತ್ತಡಿ ದೂರ ಇರಬೇಕು, ಅಂದರೆ ಪೀಠದಿಂದ ಏಳಡಿ ಮುಂದೆ, ಏಳಡಿ ಪಕ್ಕಕ್ಕೆ. ಅಲ್ಲಿಂದ ಹೊರಟ 24 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುವ ಸ್ಪಾಟ್ ಮುಖದ ಹತ್ತಿರ ಸುಮಾರು ಆರಡಿ ಅಗಲದ ವೃತ್ತ ಆಗುತ್ತದೆ. ಓಡಾಡುತ್ತ ಪ್ರಸಂಗ ಮಾಡುವವರಾದರೆ 36 ಡಿಗ್ರಿಯದ್ದು ತಗೊಳ್ಳಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನೋದೂ ನೆನಪಿರಲಿ, ಹಿಂದಿನ ಗೋಡೆಯಿಂದ ಸ್ಪಾಟ್ ಹೊಡೆಯುವ ಆಸೆ ಬೇಡ.

ಪೀಠದ ಹಿಂದಿನ ಗೋಡೆಗೂ ಬೆಳಕು ಕೊಡಿ. ಒರಟು ಕಲ್ಲಿನ ಗೋಡೆ ಆದರೆ ಲೈಟನ್ನು ಗೋಡೆಯಿಂದ ಅರ್ಧ ಒಂದಡಿಯಲ್ಲಿ ಇಟ್ಟರೆ ಕಲ್ಲಿನ ಮೈಯೆಲ್ಲ ಎದ್ದು ಕಾಣುತ್ತದೆ. ಗಾರೆ ಗೋಡೆಗೆ ಹಾಗೆ ಮಾಡಿದರೆ ಮೇಸ್ತ್ರಿಯ ತಪ್ಪೆಲ್ಲ ಎದ್ದು ಕಾಣುತ್ತದೆ! ಅಲ್ಲಿ ಗೋಡೆಯ ಎತ್ತರದ ಮೂರನೇ ಒಂದು ಭಾಗದಷ್ಟು ದೂರ ಸರಿಸಿ.

ಫ್ಯಾನಿನ ಪಾಠ

ಇದು ನನ್ನದೇ ತಪ್ಪು. ಯಾದಗಿರಿ ಜಿಲ್ಲೆಯ ಒಂದು ಚರ್ಚಿನಲ್ಲಿ ಚಾವಣಿಗೆ ಅಂಟಿದ ಹಾಗೆ ಲೈಟು ಹಾಕಿಸಿದೆ. ಕೆಳಗೆ ಉದ್ದ ರಾಡಿನಲ್ಲಿ ಫ್ಯಾನುಗಳು. ರಾತ್ರಿ ಟೆಸ್ಟ್ ಮಾಡಿದಾಗ ಚಳಿಗಾಲ, ಫ್ಯಾನು ಹಾಕಿರಲೇ ಇಲ್ಲ. ಮಾರ್ಚಿನಲ್ಲಿ ಫ್ಯಾನು ತಿರುಗಿದ ದಿನ ಇಡೀ ಹಾಲು ಪಟಪಟ ಮಿಣುಕತೊಡಗಿತು, ರೆಕ್ಕೆ ಬೆಳಕನ್ನು ಕತ್ತರಿಸುತ್ತಿತ್ತು. ಇಬ್ಬರಿಗೆ ತಲೆನೋವು ಬಂತು. ನನ್ನ ಖರ್ಚಿನಲ್ಲೇ ಅಷ್ಟೂ ಲೈಟನ್ನು ಫ್ಯಾನಿನ ಮಟ್ಟಕ್ಕಿಂತ ಕೆಳಗೆ, ಪಕ್ಕದ ಗೋಡೆಗೆ ಇಳಿಸಿದೆ. ನಮ್ಮ ಕಡೆ ಫ್ಯಾನಿಲ್ಲದ ಚರ್ಚು ಇಲ್ಲ, ಹಾಗಾಗಿ ನಕ್ಷೆಯಲ್ಲಿ ಮೊದಲು ಫ್ಯಾನು ಗುರುತಿಸಿ, ಆಮೇಲೆ ಲೈಟು.

ಆರಾಧನೆಯನ್ನು ಫೋನಿನಲ್ಲಿ ಲೈವ್ ಬಿಡುವವರು ಇನ್ನೊಂದು ನೋಡಿ. ಅಗ್ಗದ ಡ್ರೈವರಿನ (ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಸಾಧನ) ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾದಲ್ಲಿ ಕಪ್ಪು ಪಟ್ಟಿ ಹರಿಯುತ್ತವೆ. ಅಂಗಡಿಯಲ್ಲೇ ಲೈಟು ಹಚ್ಚಿಸಿ ಫೋನ್ ಕ್ಯಾಮೆರಾ ಹಿಡಿದು ನೋಡಿ.

ಬೆಳಕಿನ ಬಣ್ಣ

ಅಂಗಡಿಯವರು 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ) ನೀಲಿ ಬಿಳುಪನ್ನೇ ಮುಂದೆ ತಳ್ಳುತ್ತಾರೆ, "ಜಾಸ್ತಿ ಬೆಳಕು ಸರ್" ಅಂತ. ಅದು ಆಸ್ಪತ್ರೆಯ ಬೆಳಕು. ಪೀಠಕ್ಕೂ ಗೋಡೆಗೂ 3000, ಜನ ಕೂರುವ ಕಡೆ 3000 ಅಥವಾ 4000. ಮೇಣದ ಬತ್ತಿಯ ಪಕ್ಕದಲ್ಲಿ 6500 ಉರಿದರೆ ಬತ್ತಿ ಹಳದಿ ರೋಗ ಬಂದಂತೆ ಕಾಣುತ್ತದೆ. ಮಳೆಗಾಲದಲ್ಲಿ ಹುಳವೂ ಹಳದಿ ಬೆಳಕಿಗೆ ಕಡಿಮೆ ಬರುತ್ತವೆ. ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ, ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋದು ಅದರಲ್ಲಿ ತಿಳಿಯುತ್ತದೆ. ಹಾಲಿಗೆ 80, ಪೀಠಕ್ಕೆ 90. ನಮ್ಮ ಮೈಬಣ್ಣಕ್ಕೆ ಈ 90 ತುಂಬಾ ವ್ಯತ್ಯಾಸ ಮಾಡುತ್ತದೆ.

ಸ್ವಿಚ್ಚು ಹೇಗೆ ಹಂಚುವುದು

ಇಲ್ಲೇ ಎಲ್ಲರೂ ಎಡವುತ್ತಾರೆ. ಎಲೆಕ್ಟ್ರಿಷಿಯನ್ ತನಗೆ ವೈರು ಉಳಿಯುವ ಹಾಗೆ ಹಂಚುತ್ತಾನೆ, ಎಡಗಡೆ ಸಾಲು ಒಂದು ಸ್ವಿಚ್ಚು, ಬಲಗಡೆ ಸಾಲು ಒಂದು. ನೀವು ವರ್ಷದ ಆರಾಧನೆಗಳನ್ನು ಒಂದು ಹಾಳೆಯಲ್ಲಿ ಬರೆದು ಅವನ ಮುಂದೆ ಇಡಿ. ಗುಡ್ ಫ್ರೈಡೇ ದಿನ ಹನ್ನೆರಡರಿಂದ ಮೂರರವರೆಗೆ ಹಾಲು ಮಂಕಾಗಿ, ಓದುವವರ ಮುಂದೆ ಮಾತ್ರ ಬೆಳಕು ಬೇಕು. ಕ್ಯಾಥೋಲಿಕ್ ಚರ್ಚುಗಳಲ್ಲಿ ಈಸ್ಟರ್ ಜಾಗರಣೆ ಪೂರ್ತಿ ಕತ್ತಲಲ್ಲಿ ಶುರುವಾಗಿ, ದೊಡ್ಡ ಪಾಸ್ಕ ಬತ್ತಿಯಿಂದ ಎಲ್ಲರ ಕೈಯ ಬತ್ತಿಗೂ ಬೆಂಕಿ ಹೋಗುತ್ತದೆ, ಆಗ ಯಾರೋ ಮರೆತ ಒಂದು ನೀಲಿ ಇಂಡಿಕೇಟರ್ ಕೂಡ ಕಣ್ಣಿಗೆ ಹೊಡೆಯುತ್ತದೆ. ಕ್ರಿಸ್ಮಸ್ ಹಿಂದಿನ ರಾತ್ರಿ, ಡಿಸೆಂಬರ್ 31ರ ರಾತ್ರಿಯ ಆರಾಧನೆ, ಮದುವೆ, ಮಣ್ಣು ಮಾಡುವ ದಿನ, ವಾರದ ಮಧ್ಯೆ ಹತ್ತು ಜನರ ಪ್ರಾರ್ಥನೆ. ಹತ್ತು ಜನಕ್ಕೆ ಇಡೀ ಹಾಲು ಯಾಕೆ ಉರಿಯಬೇಕು?

ನಾನು ಸಾಮಾನ್ಯವಾಗಿ ಆರು ಸಾಲು ಮಾಡಿಸುತ್ತೇನೆ, ಒಂದೊಂದಕ್ಕೂ ಬೇರೆ ಸ್ವಿಚ್ಚು: ಪೀಠದ ಮುಖದ ಬೆಳಕು, ಪೀಠದ ಹಿಂದಿನ ಗೋಡೆ, ಹಾಲಿನ ಮುಂದಿನ ಅರ್ಧ, ಹಿಂದಿನ ಅರ್ಧ, ಗಾಯನ ಮಂಡಳಿ, ಮತ್ತೆ ಪಕ್ಕದ ಗೋಡೆಗಳ ಮೆತ್ತನೆ ಬೆಳಕು. ಹಾಲಿನ ಎರಡು ಸಾಲಿಗೆ ಬೆಳಕು ಏರಿಳಿಸುವ ಡಿಮ್ಮರ್ ಇರಲಿ. ಕೀರ್ತನೆಗೆ 250, 300 ಲಕ್ಸಿನವರೆಗೆ ಏರಿಸಿ ಪ್ರಾರ್ಥನೆಗೆ ಇಳಿಸಬಹುದು. ಅಷ್ಟು ಏರಬೇಕೆಂದರೆ ಮೇಲಿನ 62,500ರ ಲೆಕ್ಕವನ್ನು ದುಪ್ಪಟ್ಟು ಮಾಡಿಕೊಂಡು, ದಿನಾ ಅರ್ಧಕ್ಕೆ ಉರಿಸಿ. ಡಿಮ್ ಆಗುವ ಎಲ್‌ಇಡಿ, ಅದಕ್ಕೆ ಹೊಂದುವ ಡಿಮ್ಮರ್ ಎರಡನ್ನೂ ಒಟ್ಟಿಗೆ ಕೊಳ್ಳಿ, ಬೇರೆ ಬೇರೆ ಕೊಂಡರೆ ಝೇಂಕರಿಸುತ್ತವೆ. ಪ್ರತಿ ಸ್ವಿಚ್ಚಿನ ಕೆಳಗೆ ಕನ್ನಡದಲ್ಲಿ ಹೆಸರು ಬರೆಯಿಸಿ.

ಕರೆಂಟಿನ ಮಾತು

ಬೇಸಿಗೆಯಲ್ಲಿ ವೋಲ್ಟೇಜು ಏರಿಳಿಯುತ್ತದೆ, ಮಳೆಗಾಲದ ಸಿಡಿಲಿಗೆ ಡ್ರೈವರ್ ಸುಡುತ್ತದೆ. 4 ಕೆವಿ (ಕಿಲೋವೋಲ್ಟ್) ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ, ತಡೆಯುವ ಡ್ರೈವರ್ ಕೇಳಿ, ಮೀಟರ್ ಬೋರ್ಡಿನಲ್ಲಿ ಸರ್ಜ್ ತಡೆಯುವ ಸಾಧನ, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅರ್ತಿಂಗ್ ಗುಂಡಿಗೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು ಅಂತ ಮೊದಲೇ ಗೊತ್ತು ಮಾಡಿ. ಹಳೆಯ ಕಲ್ಲಿನ ಗೋಡೆಯನ್ನು ಕೊರೆಸಬೇಡಿ, ಕಲ್ಲಿನ ಸಂದಿನ ಗಾರೆಯ ಜಾಡಿನಲ್ಲಿ ಪೈಪು ಎಳೆದರೆ ಕಾಣುವುದೂ ಇಲ್ಲ, ಮುಂದೆ ತೆಗೆಯಲೂ ಬರುತ್ತದೆ.

ಇನ್ವರ್ಟರಿಗೆ ಎಲ್ಲ ಲೈಟನ್ನೂ ಜೋಡಿಸಬೇಡಿ. ಪೀಠದ ಮುಖದ ಬೆಳಕು, ಮೆಟ್ಟಿಲು, ಬಾಗಿಲು, ನಡುವಿನ ದಾರಿ, ಇಷ್ಟಕ್ಕೆ 150 ವ್ಯಾಟ್ ಸಾಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್, ಕೈಗೆ ಸಿಗುವುದು ಸಾವಿರದಷ್ಟು ಅಂದುಕೊಂಡರೂ ಆರು ಗಂಟೆ ಬರುತ್ತದೆ. ಮೈಕು, ಕೀಬೋರ್ಡು ಇದಕ್ಕೆ ಸಿಕ್ಕಿಸಬೇಡಿ.

ತೂತು ಕೊರೆಯುವ ಮುಂಚೆ

ಒಂದು ರಾತ್ರಿ ಪಾಸ್ಟರ್, ಇಬ್ಬರು ಹಿರಿಯರು, ಎಲೆಕ್ಟ್ರಿಷಿಯನ್, ಒಂದು ಏಣಿ. ಅಂಗಡಿಯಿಂದ ಎರಡೇ ಸ್ಪಾಟ್, ಎರಡೇ ಸಾದಾ ಲೈಟು ತನ್ನಿ, ವಾಪಸ್ ಕೊಡುವ ಮಾತಿನ ಮೇಲೆ. ಬಿದಿರು ಕಂಬಕ್ಕೆ ಕಟ್ಟಿ, ಎತ್ತಿ ಹಿಡಿದು, ಎಲ್ಲರೂ ಅವರವರು ಕೂರುವ ಜಾಗದಲ್ಲಿ ಕೂತು ನೋಡಿ. ಫ್ಯಾನು ಹಾಕಿ ನೋಡಿ, ಅದು ಜನವರಿಯೇ ಆಗಿರಲಿ. ಹೆಂಗಸರ ಕಡೆಯಿಂದಲೂ ಯಾರಾದರೂ ಬಂದು ಕೂರಲಿ, ಕಮಿಟಿಯ ಗಂಡಸರು ಎಂದೂ ಆ ಕಡೆ ಕೂತು ನೋಡಿರುವುದಿಲ್ಲ.

ಎತ್ತರದಲ್ಲಿ ಲೈಟು ಇಡುವಾಗ, ಅದು ಸುಟ್ಟರೆ ಬದಲಿಸುವವರು ಹೇಗೆ ಹತ್ತುತ್ತಾರೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಕೆಳಗೆ ಇಳಿಸಿ. ಈಸ್ಟರಿಗೆ ಮುಂಚೆ ಒಂದು ಸಲ, ಕ್ರಿಸ್ಮಸ್ಸಿಗೆ ಮುಂಚೆ ಒಂದು ಸಲ ಎಲ್ಲ ಲೈಟೂ ಒರೆಸಿ, ಗಾಜೂ ತೊಳೆಯಿರಿ. ಎರಡು ಡ್ರೈವರ್, ಎರಡು ಸ್ಪಾಟ್ ಜಾಸ್ತಿ ಕೊಂಡು ಬಿಲ್ಲಿನ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಡಿ, ಏಕೆಂದರೆ ಎರಡು ವರ್ಷದ ಮೇಲೆ ಅದೇ ಬಣ್ಣದ್ದು ಸಿಗುವುದಿಲ್ಲ. ಕಪಾಟಿನ ಕೀಲಿ ಯಾರ ಹತ್ತಿರ ಇದೆ ಅಂತ ಅದರ ಬಾಗಿಲಿಗೆ ಬರೆದು ಅಂಟಿಸಿ.